ಪಟ್ಟೆತಲೆ ಹೆಬ್ಬಾತುಗಳ ನಡುವೆ ಒಂದು ಬೂದು ಹೆಬ್ಬಾತು: ತಾನಾಗಿ ಬಂದದ್ದಾ, ಸಾಕಿದ್ದು ತಪ್ಪಿಸಿಕೊಂಡದ್ದಾ?

ವೈಂಡಿಂಗ್_ಮುನಿರಾಬಾದ್
ಜನವರಿ 19, ರಾತ್ರಿ 10:40

ಎಲ್ಲಾರಿಗೂ ನಮಸ್ಕಾರ್ರಿ. ಮುನಿರಾಬಾದಿನ್ಯಾಗ ನಂದೊಂದು ಮೋಟಾರ್ ವೈಂಡಿಂಗ್ ಅಂಗಡಿ ಐತಿ. ವಾರದಾಗ ಆರು ದಿನ ಸುಟ್ಟ ಮೋಟರಿನ ವಾಸನಿ, ಏಳನೇ ದಿನ ಹಿನ್ನೀರು. ನಾಲ್ಕು ವರ್ಷ ಆತು, ಪ್ರತಿ ಭಾನುವಾರ ನಸುಕಿನ್ಯಾಗ ಸ್ಕೂಟರ್ ತಗೊಂಡು ತುಂಗಭದ್ರಾ ಹಿನ್ನೀರಿನ ಕೊಪ್ಪಳ ದಂಡಿಗೆ ಹೋಗ್ತೀನಿ. ಹಕ್ಕಿ ಎಣಿಸಿ ನೋಟ್ ಬುಕ್ಕಿನ್ಯಾಗ ಬರಕೊಂಡು ಬರ್ತೀನಿ.

ನಿನ್ನೆ ಮುಂಜಾನಿ ಏಳೂವರಿ ಆಗಿತ್ತು. ನೀರು ಹಿಂದಕ್ಕ ಸರದು ಕೆಸರು ಬಿದ್ದೈತಿ, ಅದರ ಅಂಚಿಗೆ ಎಳೆ ಹುಲ್ಲು ಬಂದೈತಿ, ಹುಲ್ಲಿನಾಚೆ ಕಡ್ಲಿ ಹೊಲ. ಆ ಹುಲ್ಲಿನ್ಯಾಗ ಪಟ್ಟೆತಲೆ ಹೆಬ್ಬಾತು ಮೇಯಾಕತ್ತಿದ್ವು. ಮೂರು ಸಲ ಎಣಿಸಿದೆ, 143. ಮೂರನೇ ಸಲ ಎಣಿಸುವಾಗ ಒಂದರ ಮ್ಯಾಲ ಕಣ್ಣು ನಿಂತು. ಅದರ ತಲಿ ಮ್ಯಾಲ ಕರೀ ಗೀರು ಇಲ್ಲ. ಬಾಜು ಇದ್ದವಕ್ಕಿಂತ ಒಂದು ಕೈ ದೊಡ್ಡದು, ಕುತ್ತಿಗಿ ದಪ್ಪ. ಮೈ ಬೂದಿಬಣ್ಣ ಕಂದಿಗೆ ಹೊಳ್ಳಿದಂಗ, ಹೊಟ್ಟಿ ಮ್ಯಾಲ ಅಲ್ಲೊಂದು ಇಲ್ಲೊಂದು ಕರೀ ಚುಕ್ಕಿ, ಬಾಲದ ಕೆಳಗ ಬೆಳ್ಳಗ. ಕೊಕ್ಕು ದಪ್ಪ, ಗುಲಾಬಿ ಬಣ್ಣ. ಕಾಲೂ ಗುಲಾಬಿ. ಪುಸ್ತಕ ತೆಗದು ನೋಡಿದ್ರ ಬೂದು ಹೆಬ್ಬಾತಿಗೆ ಹೊಂದ್ತೈತಿ.

ಎಮ್ಮಿ ಹೊಡಕೊಂಡು ಒಬ್ಬ ಹುಡುಗ ಬಂದ. ಎಲ್ಲಾ ಒಮ್ಮೆಲೇ ತಲಿ ಎತ್ತಿದ್ವು, ಅದೂ ಎತ್ತಿತು. ಎಲ್ಲಾ ಇಪ್ಪತ್ತು ಹೆಜ್ಜಿ ಸರದ್ವು, ಅದೂ ಸರೀತು. ಹಾರಲಿಲ್ಲ. ನಾನು ಹೆಚ್ಚೂಕಡಿಮಿ 150 ಮೀಟರ್ ದೂರ ಇದ್ದೆ. ದುರ್ಬೀನಿಗೆ ಫೋನ್ ಹಿಡದು ತೆಗೆದ ಫೋಟೋ ಕೆಳಗ ಹಾಕೀನಿ, ಮಬ್ಬು ಐತಿ, ಕ್ಷಮಿಸ್ರಿ.

ನಮ್ಮ ವಾಟ್ಸಾಪ್ ಗುಂಪಿನ್ಯಾಗ ಹಾಕಿದ ಎರಡು ನಿಮಿಷಕ್ಕ, ‘ಯಾರದೋ ತೋಟದ ಬಾತು ತಪ್ಪಿಸಿಕೊಂಡು ಬಂದೈತಿ ಬಿಡ್ರಿ’ ಅಂತ ತೀರ್ಪು ಬಂತು. ಫೋಟೋ ದೊಡ್ಡದು ಮಾಡಿ ಸೈತ ನೋಡಲಿಲ್ಲ ಯಾರೂ. ಅದು ನನಗ ಬಾಳ ಬ್ಯಾಸರಾತು. ತಾನಾಗಿ ಬಂದಿದ್ರ ನಮ್ಮ ಹಿನ್ನೀರಿನ ಪಟ್ಟಿಯಾಗ ಅದರ ಹೆಸರು ಇರಬೇಕು. ಸಾಕಿದ್ದಾದ್ರ ಸುಳ್ಳು ಹೆಸರು ಸೇರಬಾರದು. ಎರಡೂ ನನಗ ಅಷ್ಟೇ ಮುಖ್ಯ. ಇದನ್ನ ಹೆಂಗ ಬಗಿಹರಿಸಬೇಕು? ಮತ್ತ ಹೋದಾಗ ಏನೇನು ನೋಡಲಿ?


ಕೋಟೆಬಾಗಿಲು_ರಾಯಚೂರು
ಜನವರಿ 19, ರಾತ್ರಿ 11:15

ನನ್ನ ಅಭಿಪ್ರಾಯ ಕೇಳಿದರೆ ಸಾಕಿದ್ದು ಎಂದೇ ಹಿಡಿಯಿರಿ. 2018ರಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್ ಕೊಳದಲ್ಲಿ ಮ್ಯಾಂಡರಿನ್ ಬಾತು ಕಾಣಿಸಿಕೊಂಡಿತ್ತು. ಅದರ ಮೂಲ ನೆಲ ಪೂರ್ವ ಏಷ್ಯಾ. ಊರಿಗೆ ಊರೇ ನೋಡಲು ಹೋಯಿತು, ನೋಡಿದರೆ ಕಾಲಲ್ಲಿ ಉಂಗುರ. ಯಾರೋ ಸಾಕಿದ್ದು ತಪ್ಪಿಸಿಕೊಂಡಿತ್ತು, ಅಷ್ಟೇ. ಬಾತು, ಹೆಬ್ಬಾತು, ಹಂಸಗಳನ್ನು ಜನ ಸಾಕಿದಷ್ಟು ಬೇರೆ ನೀರುಹಕ್ಕಿಯನ್ನು ಸಾಕುವುದಿಲ್ಲ. ಹಾಗಾಗಿ ಈ ಕುಟುಂಬದಲ್ಲಿ ಪುರಾವೆ ಸಿಗುವವರೆಗೆ ಅನುಮಾನ ಪಡುವುದೇ ಸರಿ.


ಕೆರೆಎಣಿಕೆ_ಬಳ್ಳಾರಿ
ಜನವರಿ 20, ಬೆಳಿಗ್ಗೆ 6:05

ತಮ್ಮಾ, ಮೊದಲು ಒಂದು ಮಾತು. 143 ಹಕ್ಕಿಗಳನ್ನು ಮೂರು ಸಲ ಎಣಿಸಿದೆಯಲ್ಲ, ಅದಕ್ಕೇ ಆ ಒಂದು ಹಕ್ಕಿ ನಿನ್ನ ಕಣ್ಣಿಗೆ ಬಿತ್ತು. ಪ್ರತಿ ಜನವರಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿಗೆ ನಾನು ಬಹಳ ವರ್ಷಗಳಿಂದ ನಮ್ಮ ಕಡೆಯ ಕೆರೆಗಳನ್ನು ಸುತ್ತುತ್ತಿದ್ದೇನೆ. 1987ರಿಂದ ನಡೆದು ಬಂದಿರುವ ಗಣತಿ ಅದು. ಅದರಲ್ಲಿ ನಾನು ಕಲಿತದ್ದೇ ಇದು: ಗುಂಪನ್ನು ಅಂದಾಜು ಮಾಡಿ ಬರೆದವರಿಗೆ ಹೊಸದು ಕಾಣುವುದಿಲ್ಲ.

ರಾಯಚೂರಿನ ಅಣ್ಣಾವ್ರ ನಿಯಮ ನನಗೆ ಒಪ್ಪಿಗೆಯಾಗಲಿಲ್ಲ. ‘ಬಾತು ಕಂಡರೆ ಸಾಕಿದ್ದೇ’ ಎಂದು ಒಂದೇ ಕೋಲಿನಿಂದ ಅಳೆಯಲಾಗದು. ಅವರು ಹೇಳಿದ ಮ್ಯಾಂಡರಿನ್ ಬಾತನ್ನೇ ತೆಗೆದುಕೊಳ್ಳಿ. ನ್ಯೂಯಾರ್ಕಿನಲ್ಲಿ ಅದು ತಪ್ಪಿಸಿಕೊಂಡ ಹಕ್ಕಿ. ಅದೇ ಜಾತಿಯ ಗಂಡು 2021ರ ಫೆಬ್ರುವರಿಯಲ್ಲಿ ಅಸ್ಸಾಮಿನ ತಿನ್ಸುಕಿಯಾ ಜಿಲ್ಲೆಯ ಮಾಗುರಿ ಬೀಲ್ ಎಂಬ ಜೌಗು ಕೆರೆಯಲ್ಲಿ ಕಂಡಿತು. ಅಲ್ಲಿ 1902ರಲ್ಲಿ ಕಂಡದ್ದಕ್ಕೆ ದಾಖಲೆ ಇತ್ತು, ಪೂರ್ವ ಏಷ್ಯಾವೂ ದೂರವಲ್ಲ, ಋತುವೂ ಚಳಿಗಾಲ. ಹಾಗಾಗಿ ಅದನ್ನು ಕಾಡಿನ ಅತಿಥಿ ಎಂದೇ ಬರಮಾಡಿಕೊಂಡರು. ಹಕ್ಕಿ ಒಂದೇ, ಜಾಗ ಬೇರೆ, ಉತ್ತರ ಬೇರೆ.

ಇನ್ನೂ ಹತ್ತಿರದ ಉದಾಹರಣೆ ನಿನ್ನ ಆ 143 ಪಟ್ಟೆತಲೆಗಳೇ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ನಮ್ಮ ಹಿನ್ನೀರಿಗೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದು ಇಳಿಯುವ ಹಕ್ಕಿ. ನಮಗೆ ಅದರಷ್ಟು ಕಾಡಿನದು ಇನ್ನೊಂದಿಲ್ಲ. ಅದೇ ಹಕ್ಕಿ ಇಂಗ್ಲೆಂಡಿನಲ್ಲೋ ನೆದರ್ಲೆಂಡ್ಸ್‌ನಲ್ಲೋ ಕಂಡರೆ ಅಲ್ಲಿಯವರು ‘ಯಾರದೋ ಕೊಳದಿಂದ ತಪ್ಪಿಸಿಕೊಂಡದ್ದು’ ಎಂದು ಬರೆದುಕೊಳ್ಳುತ್ತಾರೆ, ಮತ್ತು ಅವರು ಹೇಳುವುದು ಸರಿ.

ಬೂದು ಹೆಬ್ಬಾತು ಚಳಿಗಾಲಕ್ಕೆ ರಾಜಸ್ಥಾನದ ಭರತಪುರಕ್ಕೆ, ಒಡಿಶಾದ ಚಿಲಿಕಾ ಸರೋವರಕ್ಕೆ ಬರುವ ಹಕ್ಕಿ. ನಮ್ಮ ಕಡೆ ಅಪರೂಪ, ನಿಜ. ಆದರೆ ಪಟ್ಟೆತಲೆಗಳ ಹಿಂಡಿನ ಜೊತೆ ಒಂದು ದಕ್ಷಿಣಕ್ಕೆ ಜಾರಿ ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಹೆಬ್ಬಾತು ಒಂಟಿಯಾಗಿ ಇರಲಾರದ ಹಕ್ಕಿ, ತನ್ನವರು ತಪ್ಪಿಹೋದರೆ ಸಿಕ್ಕ ಹಿಂಡಿಗೆ ಸೇರಿಕೊಳ್ಳುತ್ತದೆ. ತೊಡಕು ಇರುವುದು ಇನ್ನೊಂದು ಕಡೆ. ತೋಟದ ಮನೆಗಳಲ್ಲಿ ಸಾಕುವ ಹೆಬ್ಬಾತಿನ ಹಲವು ತಳಿಗಳು ಈ ಬೂದು ಹೆಬ್ಬಾತಿನಿಂದಲೇ ಬಂದವು. ಕೊಕ್ಕಿನ ಬುಡದಲ್ಲಿ ಗುಬುಟು ಇರುವ ಚೀನಾ ತಳಿ ಮಾತ್ರ ಬೇರೆ ಹೆಬ್ಬಾತಿನ ಸಂತಾನ. ಹಾಗಾಗಿ ನಿನ್ನ ಪ್ರಶ್ನೆ ಎರಡು ಜಾತಿಗಳ ನಡುವಿನದಲ್ಲ. ಒಂದೇ ಮನೆತನದ ಕಾಡಿನ ಮಗನೋ ಹಟ್ಟಿಯ ಮಗನೋ ಎಂಬುದು.

ಮತ್ತೆ ಹೋದಾಗ ಮೊದಲು ಹಿಂಭಾಗ ನೋಡು. ಸಾಕಿದ ತಳಿಗೆ ಹಿಂದೆ ಭಾರ, ನಿಂತಾಗ ಹೊಟ್ಟೆ ಎರಡು ಕಾಲುಗಳ ನಡುವೆ ಜೋತು ನೆಲ ಮುಟ್ಟುವ ಹಾಗಿರುತ್ತದೆ. ಕಾಡಿನದು ಬೆನ್ನು ಅಡ್ಡಕ್ಕೆ ಹಿಡಿದು ನಡೆಯುತ್ತದೆ. ಕೊಕ್ಕಿನ ಬುಡದ ಸುತ್ತ, ರೆಕ್ಕೆಯಲ್ಲಿ ಎಲ್ಲಾದರೂ ಬಿಳಿ ಮಚ್ಚೆ ಇದೆಯೇ? ಕೊಕ್ಕು ಗುಲಾಬಿ ಎಂದೆಯಲ್ಲ, ಅದು ಒಳ್ಳೆಯ ಲಕ್ಷಣ. ಯುರೋಪಿನ ಪಶ್ಚಿಮದವಕ್ಕೆ ಕಿತ್ತಳೆ ಕೊಕ್ಕು, ನಮ್ಮ ದೇಶಕ್ಕೆ ಬರುವ ಪೂರ್ವದವಕ್ಕೆ ಗುಲಾಬಿ. ಬೆಳಗಿನ ಎಳೆ ಬಿಸಿಲಿನಲ್ಲಿ ಬಣ್ಣ ಮೋಸ ಮಾಡುತ್ತದೆ, ಹೊತ್ತು ಏರಿದ ಮೇಲೂ ಒಮ್ಮೆ ನೋಡು.

ಆಮೇಲೆ ರೆಕ್ಕೆ. ಸಾಕುವವರು ಹಾರಿಹೋಗದಿರಲಿ ಎಂದು ಒಂದು ಕಡೆಯ ಉದ್ದ ಗರಿಗಳನ್ನು ಕತ್ತರಿಸುತ್ತಾರೆ. ಕೆಲವರು ಮರಿಯಿದ್ದಾಗಲೇ ರೆಕ್ಕೆಯ ತುದಿಯ ಗಂಟನ್ನೇ ತೆಗೆದುಬಿಡುತ್ತಾರೆ, ಅಂಥದ್ದು ಜನ್ಮದಲ್ಲಿ ಹಾರುವುದಿಲ್ಲ. ಗರಿ ಕತ್ತರಿಸಿದ್ದಾದರೆ ಮುಂದಿನ ಸಲ ಪುಕ್ಕ ಉದುರಿ ಹೊಸದು ಬರುವವರೆಗೆ ಗುರುತು ಉಳಿಯುತ್ತದೆ. ಹೆಬ್ಬಾತುಗಳು ಹಾರುವ ಗರಿಗಳನ್ನೆಲ್ಲ ಒಟ್ಟಿಗೇ ಉದುರಿಸುತ್ತವೆ, ಬೇಸಿಗೆಯಲ್ಲಿ, ಸುಮಾರು ಒಂದು ತಿಂಗಳು ಹಾರದೆ ಕೂರುತ್ತವೆ. ಆದ್ದರಿಂದ ಜನವರಿಯಲ್ಲಿ ಎರಡೂ ರೆಕ್ಕೆ ಸಮವಾಗಿ ತುಂಬಿದ್ದರೆ ಈಚೆಗೆ ಯಾರೂ ಕತ್ತರಿ ಹಾಕಿಲ್ಲ ಎಂದಷ್ಟು ಗೊತ್ತಾಗುತ್ತದೆ.

ಕಡೆಗೆ ಕಾಲು. ವಿದೇಶದ ಕೆಲವು ಬಾತು ಸಾಕಣೆಯವರು ಗುರುತಿಗೆ ಹಿಂಬೆರಳನ್ನೇ ಕತ್ತರಿಸುವುದುಂಟು, ಅದಕ್ಕೇ ಅಲ್ಲಿಯವರು ಅಪರೂಪದ ಬಾತು ಕಂಡ ಕೂಡಲೇ ಬೆರಳು ಎಣಿಸುತ್ತಾರೆ. ಉಂಗುರ ಕಂಡರೆ ಗಾಬರಿಯಾಗಬೇಡ, ಸಂಭ್ರಮವನ್ನೂ ಪಡಬೇಡ. ಉಂಗುರದಲ್ಲಿ ಎರಡು ಬಗೆ. ಮರಿ ಹುಟ್ಟಿದ ಕೆಲವೇ ದಿನಗಳಲ್ಲಿ ಪಾದದ ಮೇಲಿಂದ ತೂರಿಸುವ ಬಳೆಯಂಥದ್ದು, ಅದಕ್ಕೆ ಬೆಸುಗೆ ಇರುವುದಿಲ್ಲ. ದೊಡ್ಡ ಹಕ್ಕಿಯ ಪಾದದಲ್ಲಿ ಅದು ತೂರುವುದೇ ಇಲ್ಲ, ಹಾಗಾಗಿ ಅದಿದ್ದರೆ ಸಾಕಣೆ ಕೇಂದ್ರದಲ್ಲಿ ಹುಟ್ಟಿದ್ದು ಎಂದೇ ಅರ್ಥ. ಇನ್ನೊಂದು ಸಂಶೋಧಕರು ಹಿಡಿದ ಹಕ್ಕಿಗೆ ತೊಡಿಸಿ ಇಕ್ಕಳದಿಂದ ಒತ್ತುವಂಥದ್ದು, ಅದರಲ್ಲಿ ಎರಡು ತುದಿ ಕೂಡಿದ ಗೆರೆ ಕಾಣುತ್ತದೆ, ಮೇಲೆ ಅಂಕಿ ಇರುತ್ತದೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ಹಾಕಿ ಬಿಟ್ಟ ಪಟ್ಟೆತಲೆಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಂಡಿವೆ. ಗುರುತು ಇದ್ದ ಮಾತ್ರಕ್ಕೆ ಪಂಜರದ್ದಲ್ಲ.

ಇಷ್ಟು ಮಾಡಿದ ಮೇಲೂ ಅರ್ಧ ಕೆಲಸ ಬಾಕಿ. ಸುತ್ತಲ ತೋಟಗಳಲ್ಲಿ ಯಾರ ಹೆಬ್ಬಾತು ಕಳೆದಿದೆ ಎಂದು ಕೇಳಿ ಬಾ. ನಮ್ಮ ಹಕ್ಕಿ ನೋಡುವವರು ದುರ್ಬೀನು ತೊಳೆದು ಒರೆಸುತ್ತಾರೆ, ನೆರೆಯವರನ್ನು ಮಾತಾಡಿಸುವುದಿಲ್ಲ. ಇದು ನನ್ನ ಹಳೆಯ ಸಂಕಟ.


ಗದ್ದೆಬದು_ಕಾರಟಗಿ
ಜನವರಿ 20, ಮಧ್ಯಾಹ್ನ 2:30

ಅಕ್ಕಾರು ಹೇಳಿದ್ದು ಖರೇ ಐತಿ. ನಾನು ಹಕ್ಕಿ ನೋಡಾವ ಅಲ್ರಿ, ಕೋಳಿ, ಬಾತು ಸಾಕಾವ. ನಮ್ಮ ಮನಿಯಾಗ ಹೆಬ್ಬಾತು ಆರು ಅದಾವ, ಎರಡು ಬೂದು, ನಾಲ್ಕು ಬಿಳೀವು. ಬೂದು ಗಂಡನ್ನ ಮೊನ್ನೆ ತಕ್ಕಡಿಗಿ ಇಟ್ಟಿದ್ದೆ, ಆರು ಕಿಲೋ ಮ್ಯಾಲ ತೂಗ್ತು. ಅದು ಹಾರೂದಂದ್ರ ಓಡ್ತಾ ಓಡ್ತಾ ರೆಕ್ಕಿ ಬಡದು ಕಾಲುವಿ ದಾಟಿದ್ರ ದೊಡ್ಡದು.

ಎರಡು ವರ್ಷದ ಹಿಂದ ದೀಪಾವಳಿ ಪಟಾಕಿಗೆ ಬೆದರಿ ನಮ್ಮದೊಂದು ಹೋಗಿಬಿಟ್ಟಿತ್ತು. ಮೂರು ತಿಂಗಳು ಉಪಕಾಲುವಿಯಾಗ ಇತ್ತಂತ. ಸಿಕ್ಕಾಗ ಹೆಂಗ ಗುರುತಾತು ಅಂದ್ರ, ಮಂದಿ ಬಂದ್ರ ಓಡಿಹೋಗಲಿಲ್ಲ, ಕುತ್ತಿಗಿ ನೆಲಕ್ಕ ಚಾಚಿ ಬುಸ್ ಅನಕೋತ ಮೈಮ್ಯಾಲ ಬಂತು. ನಿಮ್ಮದು ಎಮ್ಮಿ ಹುಡುಗನ್ನ ಕಂಡು ಹಿಂದಕ್ಕ ಸರದೈತಿ. ಅದೊಂದು ಬರಕೋರಿ.

ಭತ್ತ ಕೊಯ್ದ ಮ್ಯಾಲ ಗಂಗಾವತಿ, ಸಿರುಗುಪ್ಪ, ಸಿಂಧನೂರು ಗದ್ದಿಗೆ ಆಂಧ್ರದ ಕಡೀಲಿಂದ ಬಾತು ಮೇಸಾವ್ರು ಬರ್ತಾರಲ್ರಿ, ಸಾವಿರಗಟ್ಲೆ ಬಾತು ಹೊಡಕೊಂಡು, ಅವರ ಹಿಂಡಿನದು ಇರಬಹುದಾ ಅಂತ ಯಾರರೆ ಕೇಳಬಹುದು. ಅವು ತತ್ತಿ ಬಾತು, ಸಣ್ಣವು. ಅವರು ಹೆಬ್ಬಾತು ಸಾಕಿದ್ದನ್ನ ನಾನು ಕಂಡಿಲ್ಲ. ಆದ್ರೂ ಈ ವಾರ ನಮ್ಮೂರ ಗದ್ದಿಯಾಗ ಒಂದು ತಂಡ ಇಳದೈತಿ, ಕೇಳಿ ಹೇಳ್ತೀನಿ.

ಒಂದು ಎಚ್ಚರಿಕಿ: ಎಲ್ಲಾ ಸಾಕಿದ್ದೂ ಭಾರ ಇರೂದಿಲ್ಲ. ಮೇವು ಕಡಿಮಿ ಸಿಕ್ಕ ಎಳೇ ಹೆಬ್ಬಾತು ತೆಳ್ಳಗ ಇರ್ತೈತಿ, ಸ್ವಲ್ಪ ದೂರ ಹಾರೂದೂ ಉಂಟು. ಒಂದೇ ಲಕ್ಷಣ ಹಿಡಕೊಂಡು ಹೇಳಬ್ಯಾಡ್ರಿ.


ವೈಂಡಿಂಗ್_ಮುನಿರಾಬಾದ್
ಫೆಬ್ರುವರಿ 1, ರಾತ್ರಿ 9:50

ಅಕ್ಕಾರ, ಕಾರಟಗಿ ಅಣ್ಣಾರ, ಎರಡು ಭಾನುವಾರ ಹೋಗಿ ಬಂದೆ. ನಡುವ ಒಂದು ದಿನ ಅರ್ಧ ಹೊತ್ತು ಅಂಗಡಿ ಮುಚ್ಚಿದೆ. ಕಂಡದ್ದು ಕಂಡಂಗ ಹೇಳ್ತೀನಿ.

ಹೋದ ಭಾನುವಾರ ಸಂಜಿ ಹೊತ್ತು ಮುಳುಗೂದಕ್ಕ ಸ್ವಲ್ಪ ಮೊದಲು ಇಡೀ ಹಿಂಡು ಎದ್ದು ಹೊಲದ ಕಡಿ ಹೊಂಟ್ವು. ಬೂದು ಹೆಬ್ಬಾತು ಎರಡನೇ ಸಾಲಿನ್ಯಾಗ ಇತ್ತು. ಓಡಲಿಲ್ಲ, ಹೆಣಗಲಿಲ್ಲ, ನಿಂತಲ್ಲಿಂದ ಎದ್ದು ನಾಲ್ಕು ಬಡಿತಕ್ಕ ಸಾಲು ಹಿಡೀತು. ತಿರುವು ತಗೊಂಡಾಗ ರೆಕ್ಕಿ ಮುಂದಿನ ಅಂಚು ಬೆಳ್ಳಿ ತಗಡಿನಂಗ ಮಿಂಚಿತು, ಹಿಂದಿನ ಗರಿ ಕರ್ರಗ. ನನ್ನ ನೆತ್ತಿ ಮ್ಯಾಲೇ ಹಾದುಹೋತು. ದುರ್ಬೀನು ಇಳಿಸಿ ಬರೀ ಕಣ್ಣಲೆ ನೋಡ್ಕೋತ ನಿಂತೆ. ಕತ್ತಲಾಗೂತನ ಅಲ್ಲಿಂದ ಕಾಲು ಕೀಳಾಕ ಮನಸ್ಸು ಬರಲಿಲ್ಲ.

ಇವತ್ತು ಮುಂಜಾನಿ 80 ಮೀಟರ್ ತನಕ ಹೋಗಾಕ ಸಾಧ್ಯ ಆತು, ಜಾಲಿ ಗಿಡದ ಮರೀಗೆ ಕುಂತಿದ್ದೆ. ಅದು ನೀರಿನಿಂದ ಎದ್ದು ಒಂದು ಬಂಡಿಗಲ್ಲಿನ ಮ್ಯಾಲ ನಿಂತು ಪುಕ್ಕ ತಿದ್ದಿಕೊಂಡಿತು. ಎರಡೂ ಕಾಲಿನ ಹಿಂಬೆರಳು ಅದಾವ. ಉಂಗುರ ಇಲ್ಲ. ಹೊಟ್ಟಿ ಜೋತಿಲ್ಲ. ಹತ್ತು ಗಂಟೆ ಬಿಸಿಲಿನ್ಯಾಗೂ ಕೊಕ್ಕು ಗುಲಾಬಿನೇ, ತುದಿಗೆ ಉಗುರಿನಂಥಾ ಬಿಳುಪು. ಕೊಕ್ಕಿನ ಬುಡಕ್ಕ ಬಿಳೀ ಮಚ್ಚಿ ಇಲ್ಲ.

ಒಂದು ಮಾತ್ರ ಮುಚ್ಚಿಡಾಕ ಮನಸ್ಸಿಲ್ಲ. ರೆಕ್ಕಿ ಬಿಚ್ಚಿ ಮೈ ಮುರದಾಗ ಬಲ ರೆಕ್ಕಿಯಾಗ ಒಂದು ಗರಿ ನಡುವ ಮುರದಿತ್ತು. ಅದರ ಬಾಜುದವು ಪೂರ್ತಿ ಅದಾವ. ಇದು ಕತ್ತರಿ ಗುರುತೇನ್ರಿ?

ತೋಟಗಳಿಗೂ ಹೋಗಿದ್ದೆ. ದಂಡಿಗುಂಟ ಮೂರು ಕಡಿ ಹೆಬ್ಬಾತು ಸಾಕ್ಯಾರ. ಎರಡು ಕಡಿ ಬರೀ ಬಿಳೀವು. ಮೂರನೇ ತೋಟದ ಅಜ್ಜಾರು ಮೊದಲು ನನ್ನ ಮ್ಯಾಲ ಅನುಮಾನಪಟ್ಟರು, ಸರ್ಕಾರದ ಕಡೆಯವ ಅಂತ. ಆಮ್ಯಾಲ ಚಾ ಕುಡಿಸಿ, ಜೋಳ ಚೆಲ್ಲಿ ಕರದು, ಏಳನ್ನೂ ಸಾಲಾಗಿ ನಿಲ್ಲಿಸಿ ತೋರಿಸಿದರು. ಎಲ್ಲಾ ಗುಬುಟಿನ ಕೊಕ್ಕಿನವು. ಒಂದೂ ಕಳದಿಲ್ಲ.


ಕೆರೆಎಣಿಕೆ_ಬಳ್ಳಾರಿ
ಫೆಬ್ರುವರಿ 2, ಬೆಳಿಗ್ಗೆ 5:50

ತಮ್ಮಾ, ಓದಿ ಕಣ್ಣು ತುಂಬಿತು. ಇಷ್ಟು ನೀಟಾಗಿ ನೋಡಿ ಬಂದವರು ಕಡಿಮೆ.

ಮುರಿದ ಗರಿಗೆ ಹೆದರಬೇಡ. ಕತ್ತರಿ ಹಾಕಿದರೆ ಐದಾರು ಗರಿ ಒಂದೇ ನೇರಕ್ಕೆ ಹೋಗಿರುತ್ತವೆ, ತುದಿ ಚೌಕಾಗಿರುತ್ತದೆ. ನಡುವಿನ ಒಂದೇ ಗರಿ ಮುರಿಯುವುದು ದಾರಿಯ ಪೆಟ್ಟು, ಜಗಳ, ಮುಳ್ಳು, ಏನೂ ಇರಬಹುದು. ಪಂಜರದಲ್ಲಿ ಇದ್ದದ್ದಾಗಿದ್ದರೆ ಬಾಲದ ತುದಿ, ಎರಡೂ ರೆಕ್ಕೆಯ ತುದಿ ಜಾಲರಿಗೆ ಉಜ್ಜಿ ಸವೆದು ಕುಂಚದ ಹಾಗೆ ಆಗಿರುತ್ತಿತ್ತು.

ಇದಕ್ಕೂ ಮೀರಿ ತಿಳಿಯಬೇಕೆಂದರೆ ಗರಿಯನ್ನೇ ಪ್ರಯೋಗಾಲಯಕ್ಕೆ ಕೊಡಬೇಕು. ಗರಿ ಬೆಳೆಯುವಾಗ ಆ ಊರಿನ ನೀರು, ಮೇವಿನ ಗುರುತು ಅದರೊಳಗೆ ಐಸೊಟೋಪುಗಳಾಗಿ, ಅಂದರೆ ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣುಗಳಾಗಿ, ಉಳಿಯುತ್ತದೆ. 2005ರಲ್ಲಿ ಡೆನ್ಮಾರ್ಕಿನಲ್ಲಿ ಬೇಟೆಯಾದ ಒಂದು ಬೈಕಲ್ ಬಾತಿನ ಗರಿಗಳನ್ನು ಹೀಗೆ ಪರೀಕ್ಷಿಸಿ, ಅದು ಸೈಬೀರಿಯಾದಿಂದಲೇ ಬಂದದ್ದೆಂದು ತೋರಿಸಿದರು. ಅಲ್ಲಿಯವರೆಗೆ ಯುರೋಪಿನಲ್ಲಿ ಆ ಬಾತು ಕಂಡಾಗಲೆಲ್ಲ ‘ತಪ್ಪಿಸಿಕೊಂಡದ್ದು’ ಎಂಬ ಅನುಮಾನ ಬೆನ್ನು ಬಿಡುತ್ತಿರಲಿಲ್ಲ. ನಾನು ಇದನ್ನು ಹೇಳಿದ್ದು ನೀನು ಗರಿಗಾಗಿ ಅದರ ಬೆನ್ನು ಹತ್ತಲಿ ಎಂದಲ್ಲ. ಹಾರಿಸಿ ನೋಡುವ ಆಸೆಯಿಂದಲೂ ಅದನ್ನು ಎಬ್ಬಿಸಬೇಡ. ರಾತ್ರಿಯೆಲ್ಲ ಮೇದು ದಣಿದು ಬಂದಿರುತ್ತದೆ.

ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕುವಾಗ ಬೂದು ಹೆಬ್ಬಾತಿಗೆ ಎರಡು ಹೆಸರು ಬರುತ್ತವೆ, ಒಂದು ಮಾಮೂಲಿಯದು, ಇನ್ನೊಂದು ಸಾಕಿದ ತಳಿ. ಮಾಮೂಲಿಯದಕ್ಕೇ ಹಾಕು. ಟಿಪ್ಪಣಿಯಲ್ಲಿ ಕೊಕ್ಕು, ಬೆರಳು, ರೆಕ್ಕೆ, ಹಾರಾಟ, ಮುರಿದ ಗರಿ, ಮೂರು ತೋಟ, ಎಲ್ಲವನ್ನೂ ಬರೆ. ಮುರಿದ ಗರಿಯನ್ನು ಬಿಡಬೇಡ, ನಾಳೆ ಬೇರೆ ಕೆರೆಯಲ್ಲಿ ಕಂಡರೆ ಅದೇ ಅದರ ಗುರುತು.

ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು ಎಂದು ನಿನ್ನ ಗುಂಪಿನವರು ಕೇಳಿದರೆ ರಡ್ಡಿ ಬಾತಿನ ಕತೆ ಹೇಳು. ಉತ್ತರ ಅಮೆರಿಕದ ಆ ಬಾತನ್ನು ಇಂಗ್ಲೆಂಡಿಗೆ ತಂದು ಸಾಕಿದರು. 1950ರ ದಶಕದಲ್ಲಿ ಕೆಲವು ತಪ್ಪಿಸಿಕೊಂಡವು. ಮುದ್ದಾಗಿದೆ ಎಂದು ಸುಮ್ಮನಿದ್ದರು. ಅವು ಹೆಚ್ಚಿ, ಸ್ಪೇನ್ ಮುಟ್ಟಿ, ಅಲ್ಲಿ ಅಳಿವಿನ ಅಂಚಿನಲ್ಲಿದ್ದ ಬಿಳಿತಲೆ ಬಾತಿನ ಜೊತೆ ಕೂಡಿ ಮಿಶ್ರತಳಿ ಹುಟ್ಟಿಸತೊಡಗಿದವು. ಕಡೆಗೆ ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. ಅವು ಮಾಡಿದ ತಪ್ಪಾದರೂ ಏನು?


ಕೋಟೆಬಾಗಿಲು_ರಾಯಚೂರು
ಫೆಬ್ರುವರಿ 2, ಬೆಳಿಗ್ಗೆ 8:20

ಮುನಿರಾಬಾದಿನ ಗೆಳೆಯರೇ, ಮೊದಲ ದಿನ ನಾನು ಫೋಟೋ ಸರಿಯಾಗಿ ನೋಡದೆ ಬರೆದೆ, ಕ್ಷಮೆ ಇರಲಿ. ಈಗ ನನಗೂ ಇದು ಕಾಡಿನದೇ ಎನ್ನಿಸುತ್ತಿದೆ. ಆದರೆ ಹಿಂಡಿನ ಜೊತೆ ಇದೆ ಎಂಬುದನ್ನು ಪುರಾವೆ ಎಂದು ಬರೆಯಬೇಡಿ, ತಪ್ಪಿಸಿಕೊಂಡದ್ದೂ ಹಿಂಡಿಗೇ ಹೋಗಿ ಸೇರುತ್ತದೆ. ಮಾರ್ಚ್‌ನಲ್ಲಿ ಪಟ್ಟೆತಲೆಗಳು ಹೊರಟಾಗ ಇದು ಏನು ಮಾಡುತ್ತದೆ ಎಂದು ನೋಡಿ. ಏಪ್ರಿಲ್ ಬಿಸಿಲಿನಲ್ಲೂ ಒಂದೇ ಉಳಿದಿದ್ದರೆ ಮತ್ತೆ ಯೋಚಿಸಬೇಕಾಗುತ್ತದೆ.


ವೈಂಡಿಂಗ್_ಮುನಿರಾಬಾದ್
ಮಾರ್ಚ್ 15, ಮಧ್ಯಾಹ್ನ 12:10

ಈಗಷ್ಟೇ ಬಂದೆ. ಹೋದ ವಾರ 61 ಪಟ್ಟೆತಲೆ ಇದ್ವು, ಅವುಗಳ ಜೋಡಿ ಬೂದುದೂ ಇತ್ತು, ಮುರದ ಗರಿ ಕಂಡಿತು. ಇವತ್ತು 9 ಅದಾವ. ಅದು ಇಲ್ಲ. ಯಾರರೆ ಹಿಡದರೋ ಅನ್ನೋ ಅಂಜಿಕಿಗೆ ದಂಡಿಗುಂಟ ಎರಡು ತಾಸು ನಡದೆ, ಹಕ್ಕಿ ಹಿಡಿಯೋ ಬಲಿಯಾಗಲಿ ಕಿತ್ತ ಪುಕ್ಕಾಗಲಿ ಎಲ್ಲೂ ಕಾಣಲಿಲ್ಲ. ಎಮ್ಮಿ ಹುಡುಗ ಹೇಳಿದ, ಗುರುವಾರ ರಾತ್ರಿ ಬಾಳ ಹೊತ್ತು ಮ್ಯಾಲ ಕೂಗು ಕೇಳಿತಂತ, ಶುಕ್ರವಾರ ಮುಂಜಾನಿ ಹುಲ್ಲು ಖಾಲಿ ಇತ್ತಂತ. ಏಪ್ರಿಲ್ ಪೂರ್ತಿ ಹೋಗಿ ನೋಡೇ ನೋಡ್ತೀನಿ.


ಗದ್ದೆಬದು_ಕಾರಟಗಿ
ಮಾರ್ಚ್ 15, ಸಂಜೆ 6:45

ಚಲೋ ಆತು ಬಿಡ್ರಿ. ಬಾತು ಮೇಸಾವ್ರನ್ನೂ ಕೇಳಿದೆ, ಹೆಬ್ಬಾತು ಅವರ ಕಡಿ ಇಲ್ಲ, ಕಳದೂ ಇಲ್ಲ. ನನ್ನ ತಲ್ಯಾಗ ಒಂದು ಬಂದೈತಿ. ನಮ್ಮ ಆರಕ್ಕೂ ಕಾಲಿಗೆ ಗುರುತು ಹಾಕಿಬಿಡ್ತೀನಿ, ನಾಳೆ ತಪ್ಪಿಸಿಕೊಂಡ್ರ ನಿಮ್ಮಂಥಾವ್ರಿಗೆ ಗೊಂದಲ ಆಗಬಾರದು. ವೈಂಡಿಂಗ್ ಅಣ್ಣಾರ, ನಿಮ್ಮ ಅಂಗಡ್ಯಾಗ ತಾಮ್ರದ ತಂತಿ ಉಳದಿರ್ತೈತೆಲ್ಲ, ಒಂದೀಟು ಕೊಡ್ತೀರೇನು?


ಕೆರೆಎಣಿಕೆ_ಬಳ್ಳಾರಿ
ಮಾರ್ಚ್ 15, ರಾತ್ರಿ 7:30

ತಂತಿ ಬೇಡಪ್ಪಾ, ಕಾಲು ಊದಿದರೆ ಕೊಯ್ದುಬಿಡುತ್ತದೆ. ಕೋಳಿಗೆ ಹಾಕುವ ಪ್ಲಾಸ್ಟಿಕ್ ಉಂಗುರದಲ್ಲಿ ದೊಡ್ಡ ಅಳತೆಯದು ಸಿಗುತ್ತದೆ, ಕೇಸರಿ ಬಣ್ಣದ್ದು ತೆಗೆದುಕೊಳ್ಳಿ, ದೂರಕ್ಕೆ ಕಾಣುತ್ತದೆ. ಉಂಗುರಕ್ಕೂ ಕಾಲಿಗೂ ನಡುವೆ ಒಂದು ಪೆನ್ಸಿಲ್ ತೂರುವಷ್ಟು ಸಡಿಲ ಇರಲಿ.


ವೈಂಡಿಂಗ್_ಮುನಿರಾಬಾದ್
ಮಾರ್ಚ್ 15, ರಾತ್ರಿ 8:05

ಗಂಗಾವತಿಗೆ ಬುಧವಾರ ಬೇರಿಂಗ್ ತರಾಕ ಹೋಗೋದೈತಿ. ಉಂಗುರ ನಾನೇ ತರ್ತೀನಿ ಅಣ್ಣಾರ. ತೋಟದ ಅಜ್ಜಾರ ಏಳಕ್ಕೂ ಸೇರಿಸಿ ಹದಿಮೂರು.